ಗೋಲಿನ ಮುಂದೆ ಸೋದರಮಾವ

ದೈಹಿಕ ಶಿಕ್ಷಕರ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಬಂದು ಕೂತು ಐದು ನಿಮಿಷವಾಗುವುದರೊಳಗೆ ಎಲ್ಲರದೂ ಒಂದೇ ಪ್ರಶ್ನೆ. “ಸಾರ್, ಈಗಿನ ಮಕ್ಕಳಿಗೆ ಗೆಲ್ಲಲೇಬೇಕು ಅನ್ನೋ ಕಿಚ್ಚೇ ಇಲ್ಲ. ಅದನ್ನ ಹುಟ್ಟಿಸೋದು ಹೇಗೆ?” ಆಗಿನ ಮಕ್ಕಳಿಗೂ ಇರಲಿಲ್ಲ ಕಣ್ರಪ್ಪಾ ಎಂದರೆ ಅವರು ನಂಬುವುದಿಲ್ಲ. ಮುದುಕ ಏನೋ ಮುಚ್ಚಿಡುತ್ತಿದ್ದಾನೆ ಎಂಬ ಮುಖ ಮಾಡಿಕೊಂಡು ಕಾಫಿ ಕುಡಿದು ಹೋಗುತ್ತಾರೆ. ಆದ್ದರಿಂದ ಆ ಕಿಚ್ಚು ಹುಟ್ಟಿಸಲು ಹೋಗಿ ನಾನು ಏನೇನು ಸುಟ್ಟುಕೊಂಡೆ ಎಂಬುದನ್ನು ಬರೆದಿಟ್ಟುಬಿಡುತ್ತೇನೆ. ಸರ್ವಿಸಿನಲ್ಲಿ ನನಗೆ ಎರಡು ಬಡ್ತಿ ಸಿಕ್ಕಿದವು, ಒಂದು ಶಾಲು ಹೊದಿಸಿದರು. ಅದರಲ್ಲಿ ಯಾರಿಗೂ ಕಲಿಯುವಂಥದ್ದೇನೂ ಇಲ್ಲ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ, ರಾಗಿ ಬೆಳೆಯುವ ಮನೆತನ. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿಕೊಂಡು ಬಂದಾಗ ಕೊಡಗು ಇನ್ನೂ ಬೇರೆ ರಾಜ್ಯವಾಗಿತ್ತು. ರಾಜ್ಯವೆಂದರೆ ದೊಡ್ಡದೆಂದು ತಿಳಿಯಬೇಡಿ. ಬೆಳಿಗ್ಗೆ ಒಂದು ತುದಿಯಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ರಾಜ್ಯ ಮುಗಿಯುತ್ತಿತ್ತು. ಆದರೂ ಮಂತ್ರಿಗಳಿದ್ದರು, ಸುತ್ತೋಲೆಗಳಿದ್ದವು, ಶಾಲೆಗಳಿಗೆ ರಾಜ್ಯ ಮಟ್ಟದ ಹಾಕಿ ಕಪ್ಪೂ ಇತ್ತು. ನನ್ನನ್ನು ಅಮ್ಮತ್ತಿಯಿಂದ ಕೆಲವು ಮೈಲಿ ಒಳಗಿನ ಒಂದು ಶಾಲೆಗೆ ಡ್ರಿಲ್ ಮಾಸ್ತರನಾಗಿ ಹಾಕಿದರು. ಸುತ್ತ ಕಾಫಿ ತೋಟ, ನಡುವೆ ಶಾಲೆ, ಶಾಲೆಯ ಹಿಂದೆ ಒಂದು ಮೈದಾನ. ಕೊಡಗಿನಲ್ಲಿ ಚಪ್ಪಟೆ ನೆಲ ಸಿಗುವುದು ಎಷ್ಟು ಕಷ್ಟವೆಂದು ಅಲ್ಲಿ ಚೆಂಡಿನ ಹಿಂದೆ ಓಡಿದವನಿಗೇ ಗೊತ್ತು. ಆ ಮೈದಾನವನ್ನು ಕಂಡ ದಿನವೇ ಅದು ನನ್ನದೆಂದು ತೀರ್ಮಾನಿಸಿಬಿಟ್ಟೆ.

ಅದು ನನ್ನದಲ್ಲವೆಂದು ತಿಳಿಸಿಕೊಟ್ಟವರು ಹೆಡ್ಮಾಸ್ಟರ್ ವಾಸುದೇವ ರಾಯರು. ಮಂಗಳೂರಿನ ಕಡೆಯವರು, ಗಣಿತದ ಮೇಷ್ಟ್ರು. ಲೆಕ್ಕಕ್ಕೆ ಸಿಗದ್ದು ಯಾವುದೂ ಅವರಿಗೆ ರುಚಿಸುತ್ತಿರಲಿಲ್ಲ. ಖಾಲಿ ಜಾಗವಿದ್ದಲ್ಲೆಲ್ಲ ಆಹಾರ ಬೆಳೆಯಿರಿ ಎಂಬ ಸುತ್ತೋಲೆ ಮೇಲಿನಿಂದ ಬಂದಿತ್ತು. ಅದನ್ನು ಅವರು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು.

“ಮಾಸ್ತರ್ರೇ, ಈ ಮೈದಾನದಲ್ಲಿ ನಾಲ್ಕು ವರ್ಷದಿಂದ ಸೋಲು ಬೆಳೀತಾ ಉಂಟು,” ಎಂದರು. “ಗೆಣಸು ಹಾಕಿದ್ರೆ ಗೆಣಸಾದ್ರೂ ಬರ್ತಿತ್ತು. ಒಂದು ವರ್ಷ ಕೊಡ್ತೇನೆ ನಿಮಗೆ. ಕಪ್ಪು ತನ್ನಿ. ಇಲ್ಲದಿದ್ರೆ ನೀವೇ ನಿಂತು ಅಗೆಸಿ.”

ನನಗಾಗ ಇಪ್ಪತ್ತಮೂರು ವರ್ಷ. ಸೋಲೆಂದರೆ ಮೈಯೆಲ್ಲ ಉರಿಯುತ್ತಿತ್ತು. ಚೌಕಾಬಾರದಲ್ಲಿ ಸೋತರೆ ತಂಗಿಯ ಜೊತೆ ಎರಡು ದಿನ ಮಾತು ಬಿಡುವ ಜಾತಿ ನಂದು. ಇನ್ನು ಮೈದಾನವನ್ನು ಗೆಣಸಿಗೆ ಬಿಟ್ಟುಕೊಡುತ್ತೇನೆಯೇ? “ಕಪ್ಪು ತರ್ತೀನಿ ಸಾರ್,” ಎಂದು ಹೇಳಿ ಬಂದೆ.

ಹುಡುಗರು ಆಟದಲ್ಲಿ ನನಗಿಂತ ನಾಲ್ಕು ಪಾಲು ಮೇಲಿದ್ದರು. ತೋಟದಲ್ಲಿ ಬಾಗಿದ ಕೊಂಬೆ ಕಂಡರೆ ಕಡಿದು ಸ್ಟಿಕ್ಕು ಮಾಡಿಕೊಳ್ಳುತ್ತಿದ್ದರು, ಬಿದಿರಿನ ಬೇರನ್ನು ಕೆತ್ತಿ ಚೆಂಡು ಮಾಡುತ್ತಿದ್ದರು. ಇಂಥವರು ನಾಲ್ಕು ವರ್ಷದಿಂದ ಯಾಕೆ ಸೋಲುತ್ತಿದ್ದಾರೆ? ಕಪ್ಪಿಗೆ ಮುಂಚಿನ ಮೊದಲ ಸ್ನೇಹಪಂದ್ಯದಲ್ಲೇ ಗೊತ್ತಾಯಿತು. ಪಕ್ಕದೂರಿನ ಶಾಲೆಯ ಮೇಲೆ ಆಟ. ನಮ್ಮ ಸೆಂಟರ್ ಫಾರ್ವರ್ಡ್ ಸೋಮಯ್ಯ ಮೂವರನ್ನು ದಾಟಿಸಿಕೊಂಡು ಚೆಂಡನ್ನು ಗೋಲಿನ ಬಾಯಿಗೆ ತಂದ. ಎದುರಿಗೆ ಒಬ್ಬನೇ ಫುಲ್ ಬ್ಯಾಕ್. ನಾನು ಗೆರೆಯಾಚೆ ನಿಂತು “ಹೊಡಿಯೋ, ಹೊಡಿಯೋ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದೇನೆ. ಸೋಮಯ್ಯ ಆ ಹುಡುಗನ ಮುಖ ನೋಡಿದ. ಸ್ಟಿಕ್ಕನ್ನು ಹುಲ್ಲಿನ ಮೇಲಿಟ್ಟ. ಬಗ್ಗಿ, ಅವನ ಪಾದ ಮುಟ್ಟಿ ಹಣೆಗೊತ್ತಿಕೊಂಡ. ಒಂದು ಸಲವಲ್ಲ, ಮೂರು ಸಲ. ಆ ಹುಡುಗ ತಲೆ ಮುಟ್ಟಿ ಆಶೀರ್ವಾದ ಮಾಡಿದ. ಅಷ್ಟರಲ್ಲಿ ಇನ್ನೊಬ್ಬ ಬಂದು ಚೆಂಡನ್ನು ಹೊಡೆದುಕೊಂಡು ಹೋಗಿ ನಮಗೇ ಗೋಲು ಹಾಕಿದ.

“ಏನ್ಲಾ ಅದು?” ಎಂದು ಕೇಳಿದೆ.

“ಅವ ನನ್ನ ಮಾವ ಸಾರ್. ಪುತ್ತರಿ ಹಬ್ಬದ ಮೇಲೆ ಇವತ್ತೇ ಕಂಡದ್ದು.”

“ನಿನ್ನಷ್ಟೇ ವಯಸ್ಸು ಅವನಿಗೆ!”

“ಹೌದು ಸಾರ್. ಆದ್ರೆ ಮಾವ ಮಾವನೇ ಅಲ್ವಾ?”

ಕೊಡವರಲ್ಲಿ ಹಿರಿಯ ನೆಂಟರು ಬಹುದಿನದ ಮೇಲೆ ಎದುರಾದರೆ ಕಾಲು ಮುಟ್ಟಿ ನಮಸ್ಕರಿಸಬೇಕು, ಹಿರಿಯರು ಹರಸಬೇಕು. ಹಿರಿತನ ವಯಸ್ಸಿನದಲ್ಲ, ಸಂಬಂಧದ್ದು. ದಿನಾ ನೋಡುವವರಿಗೆ ಈ ಕಾಟವಿಲ್ಲ, ಆದ್ದರಿಂದ ನಮ್ಮ ಹುಡುಗರು ತಮ್ಮತಮ್ಮಲ್ಲಿ ಆಡುವಾಗ ನನಗಿದು ಕಾಣಿಸಿರಲಿಲ್ಲ. ಇಷ್ಟು ಸಣ್ಣ ರಾಜ್ಯದಲ್ಲಿ ಯಾವ ಊರಿಗೆ ಆಡಲು ಹೋದರೂ ಎದುರಿಗೆ ನೆಂಟರೇ, ನಮ್ಮವರ ದುರದೃಷ್ಟಕ್ಕೆ ಬಹುಪಾಲು ಹಿರಿಯ ನೆಂಟರೇ. ನಮ್ಮ ಹನ್ನೊಂದು ಜನರಲ್ಲಿ ಯಾರಿಗೂ ಏನೂ ಆಗಬೇಕಿಲ್ಲದವನು ಎಸ್ಟೇಟ್ ಲೈನಿನ ಕೂಲಿಯವರ ಮಗ ಮುತ್ತು ಒಬ್ಬನೇ. ಅವನೊಬ್ಬನನ್ನೇ ನೆಚ್ಚಿಕೊಂಡರೆ ನಾಲ್ಕು ಜನ ಅವನ ಸುತ್ತ ಬೇಲಿ ಹಾಕಿ ನಿಲ್ಲುತ್ತಿದ್ದರು.

ತರಬೇತಿಯ ನೋಟ್ ಪುಸ್ತಕ ತೆಗೆದೆ. ಎದುರಾಳಿಯನ್ನು ಶತ್ರುವೆಂದು ಭಾವಿಸುವಂತೆ ಮಾಡಬೇಕು ಎಂದು ಬರೆದುಕೊಂಡಿದ್ದೆ. ಸರಿ, ನಮ್ಮ ಗೋಲ್‌ಕೀಪರನಿಂದ ಶುರು ಮಾಡಿದೆ. ಗದ್ದೆಯ ಮನೆಯ ಹುಡುಗ, ಶತ್ರು ಎಂದರೆ ಅವನಿಗೆ ಮೊದಲು ನೆನಪಾಗುವುದು ಕಾಡುಹಂದಿ. “ಈ ಗೋಲು ನಿಮ್ಮ ಗದ್ದೆ ಅಂದ್ಕೋ. ಚೆಂಡು ತರೋವ್ರೆಲ್ಲ ಹಂದಿಗಳು. ಪೈರು ಉಳಿಸ್ಕೊಳ್ಳೋದು ನಿನ್ನ ಜವಾಬ್ದಾರಿ,” ಎಂದು ಒಂದು ವಾರ ಕಿವಿಯಲ್ಲಿ ಊದಿದೆ. ಹುಡುಗನ ಕಣ್ಣು ಕೆಂಪಾಗತೊಡಗಿತು. ನನಗೆ ಆನಂದವೋ ಆನಂದ.

ಮುಂದಿನ ಪಂದ್ಯಕ್ಕೆ ಅವನು ಮನೆಯಿಂದ ಎರಡು ಬೇಟೆನಾಯಿಗಳನ್ನು ತಂದು ಗೋಲಿನ ಹಿಂದೆ ಕಟ್ಟಿದ. ನೋಡಲು ಬಂದಿರಬೇಕು ಎಂದುಕೊಂಡೆ. ಎದುರು ತಂಡದವರು ಮೊದಲ ಸಲ ಚೆಂಡು ತಂದ ಕೂಡಲೇ ಹಗ್ಗ ಬಿಚ್ಚಿದ. ಅವರ ಇಬ್ಬರು ಫಾರ್ವರ್ಡುಗಳು ತೋಟದಂಚಿನ ಸಿಲ್ವರ್ ಓಕ್ ಮರ ಹತ್ತಿದರು. ಮೂರನೆಯವನಿಗೆ ಮರ ಸಿಗಲಿಲ್ಲ, ರೆಫರಿಯ ಹೆಗಲು ಹತ್ತಿದ. ಪಂದ್ಯ ಅಲ್ಲಿಗೆ ನಿಂತಿತು. “ಹಂದಿಗೆ ನಾಯಿ ಬಿಡದೆ ಮತ್ತೆಂತ ಬಿಡುದು ಸಾರ್?” ಎಂದು ಅವನು ನನ್ನನ್ನೇ ಕೇಳಿದ. ವಾಸುದೇವ ರಾಯರು ಆ ಶಾಲೆಗೆ ಕ್ಷಮಾಪಣೆಯ ಪತ್ರ ಬರೆದು, ಗೆಣಸಿನ ಬಳ್ಳಿ ಎಲ್ಲಿ ಸಿಗುತ್ತದೆಂದು ಜವಾನನನ್ನು ವಿಚಾರಿಸಿದರು.

ಆಮೇಲೆ ಇನ್ನೊಂದು ಉಪಾಯ. ನಮಸ್ಕಾರ ಮಾಡಲೇಬೇಕಿದ್ದರೆ ಸೀಟಿ ಊದುವ ಮೊದಲೇ ಎಲ್ಲ ಮುಗಿಸಿಬಿಡಲಿ, ಅಲ್ಲವೇ? ಎರಡು ತಂಡವನ್ನೂ ಎದುರುಬದುರು ನಿಲ್ಲಿಸಿದೆ. ಯಾರು ಯಾರಿಗೆ ಹಿರಿಯ ಎಂಬ ಪ್ರಶ್ನೆ ಬಂತು. ತಂದೆಯ ಕಡೆಯಿಂದ ನೋಡಿದರೆ ಇವನು ಚಿಕ್ಕಪ್ಪ, ತಾಯಿಯ ಕಡೆಯಿಂದ ನೋಡಿದರೆ ಅವನು ಅಣ್ಣ. ತೀರ್ಪಿಗೆ ನೋಡುತ್ತಿದ್ದ ಜನರಲ್ಲಿದ್ದ ಅಜ್ಜಂದಿರನ್ನು ಕರೆದರು. ಅಜ್ಜಂದಿರು ಬಂದ ಮೇಲೆ ಇಪ್ಪತ್ತೆರಡು ಹುಡುಗರೂ ಮೊದಲು ಅವರ ಕಾಲು ಮುಟ್ಟಬೇಕಾಯಿತು. ಎಲ್ಲ ಮುಗಿಯುವ ಹೊತ್ತಿಗೆ ಎದುರು ತಂಡದ ಬಸ್ಸು ಹಾರನ್ ಹೊಡೆಯಿತು. ಅವರು ಹತ್ತಿ ಹೋದರು. ರೆಫರಿ ಪಂದ್ಯ ಸಮವೆಂದು ಬರೆದುಕೊಂಡರು.

“ನೀವು ಮಾಡಿಸಿದ್ದು ಹಾಕಿಯಾ, ಮದುವೆಯಾ?” ಎಂದು ಹೆಡ್ಮಾಸ್ಟರ್ ಕೇಳಿದರು.

ಆದರೆ ಆ ದಿನ ನಾನೊಂದು ಸಂಗತಿ ಗಮನಿಸಿದ್ದೆ. ನಮ್ಮ ತಂಡದ ಮೀಸಲು ಆಟಗಾರ ಪೊನ್ನಪ್ಪ, ಹದಿಮೂರು ವರ್ಷದ ಬಡಕಲು ಹುಡುಗ, ಎದುರು ತಂಡದ ಯಾರ ಮುಂದೆಯೂ ಒಂದು ಸಲವೂ ಬಗ್ಗಿರಲಿಲ್ಲ. ಅವನ ಮುಂದೆ ಮೀಸೆ ಮೂಡಿದ ಹುಡುಗರು ಸಾಲಾಗಿ ಬಗ್ಗುತ್ತಿದ್ದರು. ವಿಚಾರಿಸಲು ಅವನ ಮನೆಗೆ ಹೋದೆ. ತಾಯಿ ಬೋಜಮ್ಮನವರು ಅಜ್ಜಿಯ ವಯಸ್ಸಿನವರು. ನಾನು ವಂಶಾವಳಿ ಕೇಳುತ್ತಿರುವುದು ಹೆಣ್ಣು ನೋಡುವುದಕ್ಕೆಂದು ತಿಳಿದು ಕಡುಬು, ಕೋಳಿಸಾರು ಬಡಿಸಿದರು.

“ಇವ ನನ್ನ ಹತ್ತನೆಯವ ಮಾಷ್ಟ್ರೇ,” ಎಂದರು. “ಇವನಿಗೆ ಆರು ಜನ ಅಕ್ಕಂದಿರು. ಎಲ್ಲರನ್ನೂ ಕೊಟ್ಟದ್ದು ಗೋಣಿಕೊಪ್ಪಲಿನಾಚೆಗೆ. ಇವ ತೊಟ್ಟಿಲಲ್ಲಿರುವಾಗಲೇ ಇವನ ಅಳಿಯಂದಿರು, ಅಕ್ಕಂದಿರ ಮಕ್ಕಳು, ಬಂದು ಕಾಲು ಹಿಡಿದಿದ್ದಾರೆ.”

ಕಪ್ಪಿನ ಕೊನೆಯ ಪಂದ್ಯಕ್ಕೆ ಬರುವುದೆಂದು ಎಲ್ಲರೂ ಹೇಳುತ್ತಿದ್ದ ತಂಡ ಗೋಣಿಕೊಪ್ಪಲಿನಾಚೆಯ ಒಂದು ಶಾಲೆಯದು. ಬೋಜಮ್ಮನವರನ್ನು ಕೂರಿಸಿಕೊಂಡು ಅವರ ಹನ್ನೊಂದು ಜನರ ಮನೆಹೆಸರು ಒಂದೊಂದಾಗಿ ಓದಿದೆ. ಏಳು ಜನ ಪೊನ್ನಪ್ಪನಿಗೆ ಅಳಿಯಂದಿರಾಗಬೇಕು. ಗೋಲ್‌ಕೀಪರ್ ಮಂದಣ್ಣನಂತೂ ಹಿರಿಯಕ್ಕನ ಮಗ, ಪೊನ್ನಪ್ಪನಿಗಿಂತ ಮೂರು ವರ್ಷ ದೊಡ್ಡವನು. ಆ ದಿನ ಕಡುಬಿನ ರುಚಿ ನನ್ನ ನಾಲಿಗೆಗೆ ಹತ್ತಲಿಲ್ಲ. ತಲೆಯೊಳಗೆ ಸೀಟಿ ಊದುತ್ತಿತ್ತು.

ಎರಡು ತಿಂಗಳು ಪೊನ್ನಪ್ಪನನ್ನು ಅರೆದೆ. ಅವನು ಗೋಲು ಹೊಡೆಯಬೇಕಾಗಿರಲಿಲ್ಲ. ಚೆಂಡಿನೊಂದಿಗೆ ಮುಂದೆ ಹೋಗಬೇಕು, ಅಳಿಯ ಬಗ್ಗಿದ ಕೂಡಲೇ ಚೆಂಡನ್ನು ಮುತ್ತುವಿಗೆ ತಳ್ಳಬೇಕು, ಆಮೇಲೆ ನಿಧಾನವಾಗಿ ಆಶೀರ್ವಾದ ಮಾಡಿಕೊಂಡು ಬರಬೇಕು. ಹುಡುಗನ ಆಟಕ್ಕಿಂತ ಅವನ ಮೆದುತನವೇ ನನಗೆ ಚಿಂತೆಯಾಗಿತ್ತು. ಛಲ ಬರಲೆಂದು ದಿನಾ ಬೆಳಿಗ್ಗೆ ನೂರು ಸಲ “ಗೆದ್ದು ಬಾ” ಎಂದು ಕೂಗಿಸುತ್ತಿದ್ದೆ. ಮುಖ ತೊಳೆಯುವಾಗ, ಉಣ್ಣುವಾಗ, ದನ ಕಟ್ಟುವಾಗ ಅವನು ಅದನ್ನೇ ಗುನುಗುತ್ತಿದ್ದಾನೆಂದು ಬೋಜಮ್ಮನವರು ದೂರು ಹೇಳಿದರು.

ಅದೃಷ್ಟಕ್ಕೆ ಕಪ್ಪಿನ ಮುಂಚಿನ ಸುತ್ತುಗಳಲ್ಲಿ ಹಿರಿಯ ನೆಂಟರು ಕಡಿಮೆಯಿದ್ದು, ಹೇಗೋ ಕೊನೆಯ ಪಂದ್ಯಕ್ಕೆ ಬಂದೆವು. ಆ ದಿನ ಅವನನ್ನು ಯಾರ ಕಣ್ಣಿಗೂ ಬೀಳಿಸಲಿಲ್ಲ. ಮುಂಚೆಯೇ ಯಾರಾದರೂ ಅಳಿಯ ಕಂಡು ಕಾಲು ಮುಟ್ಟಿಬಿಟ್ಟರೆ ಮುಗಿಯಿತು, ಅವನ ಮೇಲೆ ಮತ್ತೆ ಪ್ರಯೋಗಿಸುವಂತಿಲ್ಲ. ಎತ್ತಿನ ಗಾಡಿಯಲ್ಲಿ ಕಂಬಳಿ ಹೊದಿಸಿ ಮಲಗಿಸಿದೆ. ಜ್ವರದ ಹುಡುಗನೆಂದು ಹೇಳಿದೆ. ಸೀಟಿ ಊದಿದ ಮೇಲೆ ಕಂಬಳಿ ಕಿತ್ತು ಒಳಗೆ ಬಿಟ್ಟೆ.

ಮೊದಲರ್ಧವನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಪೊನ್ನಪ್ಪ ಎಡಗಡೆಯಿಂದ ನುಗ್ಗಿದ. ಎದುರಿಗೆ ಬಂದ ಗಟ್ಟಿಮುಟ್ಟು ಹುಡುಗ ಒಮ್ಮೆಲೇ ನಿಂತು, “ಅಯ್ಯೋ, ಮಾವ!” ಎಂದು ಬಗ್ಗಿದ. ಚೆಂಡು ಮುತ್ತುವಿಗೆ, ಮುತ್ತುವಿನಿಂದ ಗೋಲಿಗೆ. ಹತ್ತು ನಿಮಿಷದ ಮೇಲೆ ಇಬ್ಬರು ಫುಲ್ ಬ್ಯಾಕುಗಳು ಒಟ್ಟಿಗೆ ಬಗ್ಗಿ ತಲೆಗೆ ತಲೆ ಢಿಕ್ಕಿ ಹೊಡೆದುಕೊಂಡರು. ಇನ್ನೊಂದು ಗೋಲು. ಅವರ ಮಾಸ್ತರು ರೆಫರಿಯ ಬಳಿ ಓಡಿದರು. ನಮಸ್ಕಾರ ಫೌಲೆಂದು ನಿಯಮದ ಪುಸ್ತಕದಲ್ಲಿಲ್ಲ ಎಂದು ರೆಫರಿ ಹೇಳಿದರು. ಅದೂ ಅಲ್ಲದೆ ಹಿರಿಯರನ್ನು ಕಂಡು ಬಗ್ಗದ ಹುಡುಗನನ್ನು ತಾವು ಆಡಲು ಬಿಡುವುದೂ ಇಲ್ಲವಂತೆ. ವಾಸುದೇವ ರಾಯರು ಕೊಡೆ ಮಡಚಿ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಗೆಣಸು ಅವರ ಮುಖದಿಂದ ಮಾಯವಾಗಿತ್ತು.

ಎರಡನೆಯ ಅರ್ಧಕ್ಕೆ ಆರು ಅಳಿಯಂದಿರು ಖರ್ಚಾಗಿದ್ದರು. ಒಮ್ಮೆ ನಮಸ್ಕರಿಸಿದವರು ಮತ್ತೆ ಬಗ್ಗಲಿಲ್ಲ, ಮಾವನನ್ನು ತಳ್ಳಿಕೊಂಡೇ ಹೋದರು. ಎರಡು ಗೋಲು ಹಿಂದಿರುಗಿಸಿದರು. ಮುತ್ತುವಿನ ಮೊಣಕಾಲಿಗೆ ಪೆಟ್ಟು ಬಿದ್ದು ಅವನು ಗೆರೆಯಾಚೆ ಕೂತ. ಇನ್ನೇನು ಆಟ ಮುಗಿಯಬೇಕು, ಆಗ ಚೆಂಡು ಹೇಗೋ ಉರುಳಿಕೊಂಡು ಪೊನ್ನಪ್ಪನ ಕಾಲಬುಡಕ್ಕೆ ಬಂತು. ಮುಂದೆ ಯಾರೂ ಇಲ್ಲ. ಗೋಲಿನಲ್ಲಿ ಮಂದಣ್ಣ, ಇನ್ನೂ ನಮಸ್ಕರಿಸದೆ ಉಳಿದಿದ್ದ ಏಳನೆಯವನು.

ಪೊನ್ನಪ್ಪ ಅವನ ಹತ್ತಿರ ಬಂದ. ಮಂದಣ್ಣ ಸ್ಟಿಕ್ಕು ಕೆಳಗಿಟ್ಟ. ಕಾಲಿಗೆ ಪ್ಯಾಡು ಕಟ್ಟಿದ್ದರಿಂದ ಬಗ್ಗಲು ಕಷ್ಟವಾಗಿ ಮೊಣಕಾಲೂರಿದ. ಗೋಲು ಪೂರ್ತಿ ತೆರೆದಿತ್ತು. ತಳ್ಳಿದರೆ ಸಾಕು, ಕಪ್ಪು ನಮ್ಮದು, ಮೈದಾನ ನಮ್ಮದು. ಪೊನ್ನಪ್ಪ ಬಲಗೈಯನ್ನು ಅಳಿಯನ ತಲೆಯ ಮೇಲಿಟ್ಟ. ಬೇರೆಯವರಿಗೆಲ್ಲ ನೂರು ವರ್ಷ ಬಾಳು ಎಂದಿದ್ದವನು, ಇವನಿಗೆ ಮಾತ್ರ ಎರಡು ತಿಂಗಳು ನಾನು ಬಾಯಿಪಾಠ ಮಾಡಿಸಿದ್ದನ್ನು ಹೇಳಿಬಿಟ್ಟ.

“ಗೆದ್ದು ಬಾ.”

ಹೇಳಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಚೆಂಡನ್ನು ನೋಡಿದ, ನನ್ನನ್ನು ನೋಡಿದ. “ಹೊಡಿಯೋ!” ಎಂದು ನಾನು ಅರಚಿದೆ. ಅವನು ಅಲ್ಲಾಡಲಿಲ್ಲ. ಮಂದಣ್ಣ ಎದ್ದು, ಒಂದು ಕ್ಷಣ ಕಾದು, ಚೆಂಡನ್ನು ದೂರ ಹೊಡೆದ. ಅದನ್ನು ಹಿಡಿದುಕೊಂಡು ಹೋದವರು ಆಟ ಮುಗಿಯುವ ಮುನ್ನ ಮೂರನೆಯ ಗೋಲು ಹಾಕಿದರು.

“ಎಂತ ಮಾಡುದು ಸಾರ್,” ಎಂದು ಪೊನ್ನಪ್ಪ ಅಳುತ್ತ ಬಂದ. “ಬಾಯಿಂದ ಬಂದೋಯ್ತು. ಗೆದ್ದು ಬಾ ಅಂತ ಆಶೀರ್ವಾದ ಮಾಡಿ ನಾನೇ ಗೋಲು ಹೊಡೆದ್ರೆ ಆಶೀರ್ವಾದ ಸುಳ್ಳಾಗ್ತದಲ್ಲ?”

ಅಷ್ಟು ಹೇಳಿ ನನ್ನ ಪಾದ ಮುಟ್ಟಲು ಬಗ್ಗಿದ. ನಾನು ಕಾಲು ಹಿಂದಕ್ಕೆ ತೆಗೆದೆ.

ಈ ಬರಹ ಬರೆಯಲು ಕೂತದ್ದೇ ಮೇಲಿನ ಆ ಒಂದು ಸಾಲಿಗಾಗಿ ಎಂದರೂ ತಪ್ಪಿಲ್ಲ. ಎರಡು ಬಾರಿಸಿದ್ದರೆ ಹುಡುಗರು ಸಂಜೆಯೊಳಗೆ ಮರೆಯುತ್ತಿದ್ದರು, ಮಾಸ್ತರರು ಹೊಡೆಯುವುದು ಆಗ ಊಟದಷ್ಟೇ ಸಹಜ. ಹುಡುಗ ಬಗ್ಗಿದ್ದಾನೆ, ಕೈ ಗಾಳಿಯಲ್ಲಿದೆ, ಕಾಲು ಇಲ್ಲ. ಗೆದ್ದ ತಂಡ ಕೂಡ ನಗುವುದನ್ನು ನಿಲ್ಲಿಸಿತು. ಮಂದಣ್ಣ ಬಂದು ಮಾವನ ತೋಳು ಹಿಡಿದು ಎಬ್ಬಿಸಿಕೊಂಡು ಹೋದ. ಹೋಗುವಾಗ ನನ್ನ ಕಡೆ ನೋಡಿದ ನೋಟ ಈಗಲೂ ಚುಚ್ಚುತ್ತದೆ.

ಮರುದಿನ ಭಾನುವಾರ. ಮೈದಾನಕ್ಕಾಗಿ ಕೊನೆಯ ಸಲ ಬೇಡಿಕೊಳ್ಳೋಣವೆಂದು ಹೆಡ್ಮಾಸ್ಟರ ಮನೆಗೆ ಹೋದೆ. ಅವರು ಜಗಲಿಯ ಕುರ್ಚಿಯಲ್ಲಿ ಕೂತು ಬಳ್ಳಿಗಳನ್ನು ಗೇಣುದ್ದಕ್ಕೆ ತುಂಡರಿಸುತ್ತಿದ್ದರು. ಎಷ್ಟು ಹೇಳಿದರೂ ಕತ್ತರಿ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ಬಗ್ಗದ ನಾನು ಬಗ್ಗಿದೆ, ಕೈ ಮುಂದೆ ಚಾಚಿದೆ.

“ಎಂತ ಮಾರಾಯ್ರೇ, ನಾಟಕವಾ? ಏಳಿ, ಏಳಿ,” ಎಂದು ರಾಯರು ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆಳೆದುಕೊಂಡರು.

ಬಗ್ಗಿದವನ ಮುಂದೆ ಬರಿಯ ನೆಲವಿದ್ದರೆ ಎಷ್ಟು ನಾಚಿಕೆಯಾಗುತ್ತದೆಂದು ಆಗ ತಿಳಿಯಿತು. ಅಲ್ಲಿಂದ ಏಳಲು ಬಹಳ ಹೊತ್ತು ಬೇಕಾಯಿತು.

ಸೋಮವಾರ ಗುದ್ದಲಿಗಳು ಬಂದವು. ನಾನೇ ನಿಂತು ಅಗೆಸಿದೆ. ಗೋಲಿನ ಕಂಬಗಳಿದ್ದಲ್ಲಿ ಏರಿ ಮಾಡಿ ಬಳ್ಳಿ ನೆಟ್ಟರು. ಹುಡುಗರು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದಾಗ ಎಲ್ಲರೂ ಹೋದರು, ಪೊನ್ನಪ್ಪ ಮಾತ್ರ ಗುದ್ದಲಿ ತೊಳೆಯುತ್ತ ಉಳಿದ. ಹತ್ತಿರ ಹೋಗಿ, “ಪೊನ್ನಪ್ಪ, ಮೊನ್ನೆ ನಾನು ಮಾಡಿದ್ದು ತಪ್ಪು ಕಣೋ,” ಎಂದೆ. ಮೇಷ್ಟ್ರೊಬ್ಬರು ತಮ್ಮದೇ ತಪ್ಪೆಂದು ಹೇಳಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಕೈಯ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡು ಬಗ್ಗಿದ. ಒಂದು, ಎರಡು, ಮೂರು ಸಲ ಮುಟ್ಟಿದ. ನಾನು ಅವನ ತಲೆಯ ಮೇಲೆ ಕೈಯಿಟ್ಟೆ. ಹರಸಲು ನನಗೆ ಬರುತ್ತಿದ್ದುದು ಒಂದೇ ಮಾತು, ಅದನ್ನು ಹೇಳಲು ಬಾಯಿ ಬರಲಿಲ್ಲ.

“ಸೋತರೂ ಬಾ,” ಎಂದೆ.

ಪೊನ್ನಪ್ಪ ಎದ್ದು ಮೈದಾನವನ್ನು ಉದ್ದಕ್ಕೂ ನೋಡಿದ. “ಎಲ್ಲಿಗೆ ಬರುದು ಸಾರ್? ಜಾಗ ಎಲ್ಲುಂಟು?”

“ಗೊತ್ತಿಲ್ಲ ಕಣಪ್ಪ. ನೀನು ಬಾ.”

ಶನಿವಾರ ಶಾಲೆ ಬಿಟ್ಟ ಮೇಲೆ ಅವನು ಸ್ಟಿಕ್ಕು ಹಿಡಿದುಕೊಂಡು ಬಂದ. ಅವನ ಹಿಂದೆಯೇ ತಂಡದ ಉಳಿದವರೂ ಬಂದರು. ಗೋಣಿಕೊಪ್ಪಲಿನ ಬಸ್ಸಿನಿಂದ ಮಂದಣ್ಣನೂ ಅವನ ತಂಡವೂ ಇಳಿದರು. ಮಾವನ ಮೈದಾನ ಹೋಯಿತೆಂದು ಕೇಳಿ ಬಂದಿದ್ದರು. ಅಮ್ಮತ್ತಿಗೆ ಹೋಗುವ ದಾರಿಯ ತುಸು ಅಗಲವಾದ ಜಾಗದಲ್ಲಿ ಎರಡೆರಡು ಕಲ್ಲಿಟ್ಟು ಗೋಲು ಮಾಡಿಕೊಂಡೆವು. ಆ ವರ್ಷವೆಲ್ಲ ಅಲ್ಲೇ ಆಡಿದೆವು. ಬಸ್ಸು ಬಂದಾಗ ಬದಿಗೆ ಸರಿಯಬೇಕಿತ್ತು. ಬಸ್ಸಿನಿಂದ ಯಾರದಾದರೂ ದೊಡ್ಡಪ್ಪನೋ ಮಾವನೋ ಇಳಿದರೆ ಚೆಂಡು ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು, ನಮಸ್ಕಾರ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಹಾಗೆ ಆಟ ನಿಲ್ಲಿಸಲು ಸೀಟಿ ಊದುತ್ತಿದ್ದವನು ನಾನೇ.